ನನ್ನ ಉಡಿಗೆ ಬಿದ್ದ ಅರಿಷಿಣ ಬೇರು

ವಿಮಾನ ನಿಲ್ದಾಣ

ಹಾಲೆಂಡ್ ದೇಶದಲ್ಲಿ ಕಾಲಿಟ್ಟ ಕೂಡಲೇ ನನ್ನ ತಂಗಿ ಉಡಿ ತುಂಬಿದ್ದು ಒಬ್ಬ ಕಸ್ಟಮ್ಸ್ ಅಧಿಕಾರಿಗೆ.

ಬಾಗಿಲಿಗೆ ತಲೆ ತಾಗುವಂಥ ಆಳು ಅವನು. ನಮ್ಮ ಬ್ಯಾಗನ್ನು ಮೇಜಿನ ಮೇಲೆ ಇಡಿಸಿ ಒಳಗಿದ್ದ ಗಂಟು ಬಿಚ್ಚಿಸಿದ. ಅಕ್ಕಿ, ಉತ್ತತ್ತಿ, ಒಣಕೊಬ್ಬರಿ ಬಟ್ಟಲು, ಅಡಿಕೆ, ಅರಿಷಿಣ ಬೇರು, ಗುಳೇದಗುಡ್ಡದ ಖಣ. ಒಂದೊಂದನ್ನೇ ಎತ್ತಿ ಮೂಸಿ ನೋಡಿದ. ಇದು ಅಡುಗೆಗೋ, ಪೂಜೆಗೋ, ಮಾರಾಟಕ್ಕೋ ಎಂದು ಕೇಳಿದನಂತೆ. ನಮ್ಮ ಜೊತೆ ಬಂದಿದ್ದ ಹುಬ್ಬಳ್ಳಿಯ ಡಾಕ್ಟರ್ ಮೇಡಂ ಇಂಗ್ಲಿಷಿನಲ್ಲಿ ಹೇಳಿ ಹೇಳಿ ಸೋತರು. ಉಡಿ ಅಂದರೇನು, ಸೆರಗಿನ ಮಡಿಲು ತುಂಬಿ ಹರಸುವುದು ಅಂದರೇನು ಎಂದು ಅವನಿಗೆ ತಿಳಿಸುವುದು ಹೇಗೆ?

"ಮೇಡಂರೀ, ನೀವು ಸುಮ್ನಿರ್ರಿ. ಕೋಟಿನ ತುದಿ ಹಿಂಗ ಹಿಡಕೋ ಅಂತ ಅಷ್ಟ ಹೇಳ್ರಿ ಅವಂಗ," ಅಂದಳು ನೀಲವ್ವ.

ಅವನು ಕೋಟಿನ ತುದಿ ಹಿಡಿದು ನಿಂತ. ಹಿಂದಿನ ಸಾಲಿನವರೆಲ್ಲ ಕತ್ತು ಉದ್ದ ಮಾಡಿದರು. ನೀಲವ್ವ ಒಂದು ಹಿಡಿ ಅಕ್ಕಿ ಹಾಕಿ, ಅದರ ಮೇಲೆ ಕೊಬ್ಬರಿ, ಉತ್ತತ್ತಿ ಇಟ್ಟು, "ಚಲೋ ಇರಪಾ, ನಿನ್ನ ಹೆಂಡ್ತಿ ಮಕ್ಕಳು ತಣ್ಣಗಿರ್ಲಿ," ಎಂದು ಲಟಿಕೆ ಮುರಿದಳು. ಅವನ ಕಿವಿ ಕೆಂಪಾದವು. ಒಂದು ಕಾಳೂ ಚೆಲ್ಲದ ಹಾಗೆ ಎಲ್ಲವನ್ನೂ ಗಂಟಿಗೆ ವಾಪಸು ಸುರಿದ. ತುಪ್ಪದ ಡಬ್ಬಿಯನ್ನು ಮಾತ್ರ ಇಟ್ಟುಕೊಂಡ. ಹಾಲಿನ ಪದಾರ್ಥ ಅಲ್ಲಿಗೆ ತರುವಂತಿಲ್ಲವಂತೆ.

"ಉಡಿ ತುಂಬಿಸ್ಕೊಂಡು ಮ್ಯಾಲ ತುಪ್ಪಾನೂ ಇಟಗೊಂಡ. ಥೇಟ್ ನಮ್ಮ ಬೀಗರು," ಅಂದಳು. ಮೇಡಂ ನಕ್ಕು ನಕ್ಕು ಟ್ರಾಲಿಗೆ ಒರಗಿದರು.

ನಾನು ಬಸವರಾಜ. ಗಜೇಂದ್ರಗಡದ ಬಜಾರದಲ್ಲಿ ಜಂಪರ ಹೊಲಿಯುವ ಅಂಗಡಿ ನನ್ನದು. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವ. ಓದುವ ಚಟ ಮಾತ್ರ ಉಳಿದಿದೆ, ಬರೆಯುವುದು ಇದೇ ಮೊದಲು. ನೀಲವ್ವ ನನ್ನ ಬೆನ್ನಿಗೆ ಬಿದ್ದ ತಂಗಿ. ಆಕೆಯನ್ನು ನರಗುಂದ ತಾಲೂಕಿನ ಕೊಣ್ಣೂರಿಗೆ ಕೊಟ್ಟಿದ್ದೇವೆ. ಅಲ್ಲಿ ಆಶಾ ಕಾರ್ಯಕರ್ತೆ. ನಮ್ಮವ್ವ ಎದೆಯ ಕ್ಯಾನ್ಸರಿನಿಂದ ಹೋದಳು. ಅವ್ವನ ಅಕ್ಕನೂ ಹಾಗೇ ಹೋದಳು. ನೀಲವ್ವನಿಗೂ ಅದೇ ಬಂದಾಗ ಹುಬ್ಬಳ್ಳಿಯಲ್ಲಿ ಒಂದು ಎದೆ ತೆಗೆದು ಆಕೆಯನ್ನು ಉಳಿಸಿದರು. ಆ ಬದಿಗೆ ಹತ್ತಿಯ ಮೆತ್ತೆ ಇಟ್ಟು ಆಕೆಯ ಜಂಪರ ಹೊಲಿಯುವವ ನಾನೇ. ರಕ್ತ ಪರೀಕ್ಷೆ ಮಾಡಿದ ಮೇಡಂ, ಇದು ತಾಯಿಯಿಂದ ಹರಿದು ಬಂದದ್ದು, ಜೀನಿನಲ್ಲಿ ಇದೆ ಎಂದು ತಿಳಿಸಿ ಹೇಳಿದರು.

ಆಮೇಲೆ ಮೇಡಂ ಅವರ ತಂಡ ನಮ್ಮ ಕಡೆಯ ಊರುಗಳಿಗೆ ಗಾಡಿ ತಗೊಂಡು ಬಂತು. ಮನೆ ಮನೆಗೆ ಹೋಗಿ, ನಿಮ್ಮ ಮನೆತನದಲ್ಲಿ ಯಾರಿಗಾದರೂ ಕ್ಯಾನ್ಸರ್ ಆಗಿತ್ತೇ ಎಂದು ಕೇಳಿದರು. ಎಲ್ಲರೂ "ಇಲ್ರಿ" ಅಂದರು. ಸುಳ್ಳಲ್ಲ ಅದು. ಬಾಗಿಲಲ್ಲಿ ನಿಂತು ಉತ್ತರ ಕೊಟ್ಟವರು ಆ ಮನೆಯ ಸೊಸೆಯಂದಿರು. ಅವರ ಪಾಲಿಗೆ ಮನೆತನ ಅಂದರೆ ಗಂಡನ ಮನೆತನ. ಆ ಮನೆಯಲ್ಲಿ ಹುಟ್ಟಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು ಅಲ್ಲಿ ಯಾವ ರೋಗದಿಂದ ಸತ್ತರು ಎಂಬುದು ಈ ಮನೆಯ ಲೆಕ್ಕಕ್ಕೆ ಬರುವುದಿಲ್ಲ. ನಾವು ಮಗಳನ್ನು ಕೊಟ್ಟೆವು ಅಂದರೆ ಆಕೆಯ ರೋಗವನ್ನೂ ಕೊಟ್ಟೆವು ಎಂದೇ ತಿಳಿದವರು.

ಆಗ ನೀಲವ್ವ ಹೇಳಿದ್ದು ಒಂದೇ ಮಾತು. "ಮೇಡಂರೀ, ಗಾಡಿ ತಗೊಂಡ ಹೋಗ್ರಿ. ಪಂಚಮಿಗೆ ಬರ್ರಿ."

ನಮ್ಮ ಕಡೆ ನಾಗರ ಪಂಚಮಿಗೆ ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರೆ. ಜೋಕಾಲಿ ಕಟ್ಟಿದ ಮರದ ಕೆಳಗೆ ಅಕ್ಕ, ತಂಗಿ, ಸೋದರತ್ತೆ, ಎಲ್ಲರೂ ಉಂಡಿ ತಿನ್ನುತ್ತ ಒಟ್ಟಿಗೆ ಕೂತಿರುತ್ತಾರೆ. ಒಂದೇ ರಕ್ತದ ಹೆಂಗಸರು ಒಂದೇ ಕಡೆ ಸಿಗುವುದು ಆಗ ಮಾತ್ರ. ನೀಲವ್ವ ಅಲ್ಲಿ ಹೋಗಿ ಕೂತಳು. ರೋಣದಲ್ಲಿ, ಪುರ್ತಗೇರಿಯಲ್ಲಿ, ಹೊಳೆಆಲೂರಿನಲ್ಲಿ. ಪ್ರಶ್ನೆ ಕೇಳಲಿಲ್ಲ, ಉಡಿ ತುಂಬಿದಳು. ತವರಿನಿಂದ ಉಡಿಯಲ್ಲಿ ಏನೇನು ತಂದಿರಿ ಎಂದು ಮಾತು ತೆಗೆದಳು. ಮೂಗು, ಬಣ್ಣ, ಗುಂಗುರು ಕೂದಲು, ಸಿಟ್ಟು ಎಂದು ನಗುತ್ತ ಶುರುವಾದದ್ದು ಕಡೆಗೆ ಯಾರ ಅವ್ವ ಹೇಗೆ ಹೋದಳು ಎಂಬಲ್ಲಿಗೆ ತಾನೇ ಬಂದು ಮುಟ್ಟಿತು.

ಈ ರೀತಿಯನ್ನು ತಿಳಿದುಕೊಳ್ಳಲೆಂದೇ ಹಾಲೆಂಡಿನ ಡಾಕ್ಟರುಗಳು ಆಕೆಯನ್ನು ತಮ್ಮ ಸಭೆಗೆ ಕರೆಸಿದರು. ಜೊತೆಗೊಬ್ಬರು ಬರಬಹುದು ಅಂದಾಗ ಆಕೆ ಗಂಡನನ್ನು ಬಿಟ್ಟು ನನ್ನ ಹೆಸರು ಹೇಳಿದಳು.

ರೈಲು

ವಿಮಾನ ನಿಲ್ದಾಣದಿಂದ ನಾವು ಹೋಗಬೇಕಾದ ನೈಮೇಗನ್ ಎಂಬ ಊರಿಗೆ ರೈಲು ಹಿಡಿದೆವು. ಕಿಟಕಿಯ ಹೊರಗೆಲ್ಲ ಹಸಿರು ಚಪ್ಪಟೆ ನೆಲ. ದಿಬ್ಬ ಎಂಬುದೇ ಇಲ್ಲ. ನಮ್ಮ ನರಗುಂದದ ಗುಡ್ಡವನ್ನು ತಂದು ಇಲ್ಲಿಟ್ಟರೆ ಇಡೀ ದೇಶ ಟಿಕೆಟ್ ತಗೊಂಡು ನೋಡಲು ಬರುತ್ತದೆ ಅನ್ನಿಸಿತು. ದೂರದಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು.

"ಇವನ್ನ ನೋಡಾಕ ಇಷ್ಟು ದೂರ ಬರಬೇಕಾಗಿತ್ತೇನ?" ಅಂದಳು ನೀಲವ್ವ. "ನಮ್ಮ ಗಜೇಂದ್ರಗಡದ ಗುಡ್ಡದ ಮ್ಯಾಲಿನವು ಇದಕ್ಕಿಂತ ದೊಡ್ಡವು. ಹೌದಿಲ್ಲಣ್ಣ?"

"ಹೌದು. ಮತ್ತ ನಮ್ಮವು ಗುಡ್ಡ ಹತ್ತಿ ನಿಂತಾವ. ಇವಕ್ಕ ನಿಲ್ಲಾಕ ಒಂದು ಕಲ್ಲೂ ಇಲ್ಲ," ಅಂದೆ.

ಒಂದು ಕಡೆ ಕಾಲುವೆಯ ನೀರು ಹೊಲಕ್ಕಿಂತ ಮೇಲೆ ಹರಿಯುತ್ತಿತ್ತು. ದನ ಕೆಳಗೆ ಮೇಯುತ್ತಿದ್ದವು, ದೋಣಿ ಅವುಗಳ ತಲೆಗಿಂತ ಎತ್ತರದಲ್ಲಿ ಹೋಗುತ್ತಿತ್ತು. ಈ ದೇಶದ ಎಷ್ಟೋ ನೆಲ ಸಮುದ್ರಕ್ಕಿಂತ ತಗ್ಗಿನಲ್ಲಿದೆ, ನಾವು ಇಳಿದ ವಿಮಾನ ನಿಲ್ದಾಣವೂ ಹಾಗೆಯೇ ಎಂದರು ಮೇಡಂ. ಮಲಪ್ರಭೆಯ ದಂಡೆಯ ಕೊಣ್ಣೂರಿನಲ್ಲಿ ಬಾಳುವ ನೀಲವ್ವನ ಮುಖ ಗಂಭೀರವಾಯಿತು.

"ಮತ್ತ ಇವರಿಗೆ ರಾತ್ರಿ ನಿದ್ದಿ ಹ್ಯಾಂಗ ಬರತೈತ್ರಿ?"

"ನೀರು ಎಲ್ಲೈತಿ ಅಂತ ಗೊತ್ತಿರೂದಕ್ಕ ಬರತೈತಿ," ಅಂದರು ಮೇಡಂ.

ಆ ಮಾತು ನನಗೆ ಚುಚ್ಚಿತು. ಯಾಕೆಂದು ಇಲ್ಲೇ ಹೇಳಿಬಿಡುತ್ತೇನೆ.

ನೀಲವ್ವನಲ್ಲಿ ಇರುವುದು ನನ್ನಲ್ಲೂ ಇರಬಹುದು, ನನ್ನಿಂದ ನನ್ನ ಮಗಳು ಶಿಲ್ಪಾಗೆ ಹೋಗಿರಬಹುದು ಎಂದು ಮೇಡಂ ಮೊದಲೇ ಹೇಳಿದ್ದರು. ಅದಕ್ಕೆ ನಾನು ರಕ್ತ ಕೊಡಬೇಕಿತ್ತು. ಶಿಲ್ಪಾಗೆ ಆಗ ರೋಣದ ಒಂದು ಮನೆಯಿಂದ ವರ ಬಂದಿತ್ತು. ಮಾತುಕತೆ ಇನ್ನೂ ನಡೆದಿತ್ತು. ಬಿ.ಎಡ್. ಮಾಡಿದ ಹುಡುಗಿ, ಆ ಮನೆಯವರಿಗೆಲ್ಲ ಮೆಚ್ಚುಗೆ. ಪರೀಕ್ಷೆಯಲ್ಲಿ ಏನಾದರೂ ಬಂದರೆ? ನಾನು ಮನೆಯಲ್ಲಿ ಹೇಳಿ ಹುಬ್ಬಳ್ಳಿಗೆ ಹೊರಟೆ. ಬಸ್ಸಿನಿಂದ ಇಳಿದು ದವಾಖಾನೆಯ ದಾರಿ ಬಿಟ್ಟು ಬಟ್ಟೆ ಪೇಟೆಗೆ ಹೋದೆ. ಜಂಪರದ ಒಳಗೆ ಹಾಕುವ ಅಸ್ತರದ ಬಟ್ಟೆ ತಗೊಂಡು, ಮಿರ್ಚಿ ತಿಂದು, ವಾಪಸು ಬಂದೆ. ಕೆಲವು ವಾರ ಬಿಟ್ಟು ನೀಲವ್ವನಿಗೆ ಫೋನ್ ಮಾಡಿ, ನನ್ನ ರಕ್ತದಲ್ಲಿ ಏನೂ ಇಲ್ಲವಂತೆ ಅಂದೆ. ಮೇಡಂ ವಿಚಾರಿಸಿದರೆ ಬೇರೆ ಕಡೆ ಮಾಡಿಸಿದೆ ಎನ್ನಲು ಸುಳ್ಳನ್ನು ತಯಾರಿಟ್ಟುಕೊಂಡಿದ್ದೆ.

ನೀಲವ್ವ ಫೋನಿನಲ್ಲೇ ಅತ್ತಳು. ಖುಷಿಗೆ. ಅವತ್ತೇ ಶಿಲ್ಪಾಗೆ ಫೋನ್ ಮಾಡಿ, ನಿಮ್ಮಪ್ಪಗ ಇಲ್ಲ ಅಂದ ಮೇಲೆ ನಮ್ಮವ್ವನ ಆ ರೋಗದ ಬೇರು ನಿನಗೆ ಬರುವ ದಾರಿಯೇ ಇಲ್ಲ ಎಂದು ಹೇಳಿದಳಂತೆ.

ಯೊಹಾನಾರ ಮನೆ

ನಮ್ಮನ್ನು ಇಳಿಸಿದ್ದು ಯೊಹಾನಾ ಎಂಬ ನಿವೃತ್ತ ಶಿಕ್ಷಕಿಯ ಮನೆಯಲ್ಲಿ. ಆಕೆಗೂ ನೀಲವ್ವನದೇ ಕಾಯಿಲೆ ಆಗಿ ಹೋಗಿದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ ಕೂಡಲೇ ಎದೆಯ ಮೇಲೆ ಕೈಯಿಟ್ಟು, ನನ್ನದು ಎಡ, ನನ್ನದು ಬಲ ಎಂದು ತೋರಿಸಿಕೊಂಡು ನಕ್ಕರು. ನಾನು ಮುಖ ತಿರುಗಿಸಿ ಗೋಡೆ ನೋಡಿದೆ.

ಆ ಮನೆಯ ಮೆಟ್ಟಿಲು ಎಷ್ಟು ಕಡಿದು ಅಂದರೆ ಗಜೇಂದ್ರಗಡದ ಕಾಲಕಾಲೇಶ್ವರನ ಗುಡಿಗೆ ಹತ್ತುವ ಮೆಟ್ಟಿಲು ಅದರ ಮುಂದೆ ಅಂಗಳ. ಮೊದಲ ಸಲ ಇಳಿಯುವಾಗ ನಾನು ಕೂತುಕೊಂಡೇ ಇಳಿದೆ. ಕಾಫಿಯ ಜೊತೆ ಒಂದು ಬಿಸ್ಕೀಟು ಕೊಟ್ಟು ಡಬ್ಬಿಯ ಮುಚ್ಚಳ ಹಾಕಿಬಿಟ್ಟರು. ಇನ್ನೊಂದಕ್ಕೆ ಕಾಯುತ್ತ ನಾನು ಡಬ್ಬಿಯನ್ನೇ ನೋಡುತ್ತಿದ್ದೆ.

"ಅಣ್ಣಾ, ಕಣ್ಣು ತೆಗಿ ಅದರ ಮ್ಯಾಲಿಂದ. ಇಲ್ಲಿ ಒಂದ ಅಂತ, ಮೇಡಂ ಹೇಳ್ಯಾರ," ಎಂದು ನೀಲವ್ವ ಪಿಸುಗುಟ್ಟಿದಳು.

ಪಾಯಖಾನೆಯ ಗೋಡೆಗೆ ಒಂದು ಕ್ಯಾಲೆಂಡರ್ ಇತ್ತು. ಬಂಧುಬಳಗದ ಹುಟ್ಟಿದ ದಿನಗಳನ್ನೆಲ್ಲ ಅದರಲ್ಲಿ ಬರೆದಿದ್ದರು. ಅಲ್ಲಿ ಎಲ್ಲರ ಮನೆಯಲ್ಲೂ ಅದರ ಜಾಗ ಅದೇ ಅಂತೆ, ದಿನಾ ಕಣ್ಣಿಗೆ ಬೀಳಲಿ ಎಂದು. ನೀಲವ್ವ ಹೊರಗೆ ಬಂದವಳೇ, "ಇಡೀ ಬಳಗಾನ ಒಳಗ ಕುಂತಾರಣ್ಣ. ನನಗ ನಾಚಿಕಿ ಬಂತು," ಅಂದಳು.

ಸಂಜೆ ಓಣಿಯಲ್ಲಿ ಅಡ್ಡಾಡಲು ಹೋದೆವು. ಕೆಂಪು ಬಣ್ಣದ ಚಂದದ ದಾರಿ ಎಂದು ನಾನು ನಡೆದದ್ದು ಸೈಕಲ್ಲಿನವರ ದಾರಿಯಂತೆ. ಅಜ್ಜಿಯೊಬ್ಬಳು ಗಂಟೆ ಬಾರಿಸುತ್ತ ನನ್ನನ್ನು ಬೈದು ಸಾಗಿದಳು. ನಮ್ಮವರೇ ಬೈದ ಹಾಗಿತ್ತು, ಭಾಷೆ ಬೇಕಾಗಲಿಲ್ಲ.

ಆ ಓಣಿಯಲ್ಲಿ ನನಗೆ ಆಶ್ಚರ್ಯ ಅನಿಸಿದ್ದು ಕಿಟಕಿಗಳು. ಗೋಡೆಯಷ್ಟು ದೊಡ್ಡ ಗಾಜು, ಒಳಗೆ ದೀಪ, ಪರದೆ ಎಳೆದಿಲ್ಲ. ಜನ ಉಣ್ಣುವುದು, ಓದುವುದು, ಸುಮ್ಮನೆ ಕೂತಿರುವುದು ಎಲ್ಲ ದಾರಿಗೆ ಕಾಣುತ್ತಿತ್ತು. ನಮ್ಮಲ್ಲಿ ಮಧ್ಯಾಹ್ನವೇ ಪರದೆ ಬಿಡುತ್ತೇವೆ. ನಾನು ಹೊಲಿದುಕೊಟ್ಟ ಪರದೆಗಳು ಅರ್ಧ ಗಜೇಂದ್ರಗಡದಲ್ಲಿವೆ.

ಹುಟ್ಟುಹಬ್ಬ

ಮರುದಿನ ಯೊಹಾನಾರ ತಮ್ಮ ಪೀಟರನ ಹುಟ್ಟುಹಬ್ಬ. ಕುರ್ಚಿಗಳನ್ನು ವೃತ್ತಾಕಾರವಾಗಿ ಹಾಕಿ ಎಲ್ಲರೂ ಕೂತರು. ಬಂದವರು ಪೀಟರನಿಗೆ ಕೈ ಕೊಟ್ಟು ಅಭಿನಂದಿಸಿ, ಆಮೇಲೆ ಆತನ ಹೆಂಡತಿಗೆ, ಅಕ್ಕನಿಗೆ, ಮಕ್ಕಳಿಗೆ, ಕಡೆಗೆ ನಮಗೂ ಅಭಿನಂದಿಸಿದರು. ಅವನು ಹುಟ್ಟಿದ್ದಕ್ಕೆ ನಾವೇನು ಮಾಡಿದೆವು ಎಂದು ನನಗೆ ತಿಳಿಯಲಿಲ್ಲ. ನೀಲವ್ವನಿಗೆ ಮಾತ್ರ ಅದು ಭಾಳ ಸೇರಿತು.

"ಖರೇ ಐತಿ ಬಿಡು. ಒಬ್ಬರು ಹುಟ್ಟಿದ್ರ ಎಲ್ಲಾರ ಉಡಿಗೂ ಒಂದಿಷ್ಟು ಬೀಳತೈತಿ."

ಕೇಕು ಕೊಯ್ಯುತ್ತಿದ್ದವರು ಪೀಟರನ ಇಬ್ಬರು ಹೆಣ್ಣುಮಕ್ಕಳು. ಆತ ತಟ್ಟೆ ಹಿಡಿದುಕೊಂಡು, ಹವೆಯ ಬಗ್ಗೆ ಹೇಳುವಷ್ಟೇ ಸಹಜವಾಗಿ, ತನಗೂ ಅಕ್ಕನ ಹಾಗೆ ಆ ಜೀನ್ ಇದೆ, ಹಿರಿಯ ಮಗಳಿಗೆ ಹೋಗಿದೆ, ಕಿರಿಯಳಿಗೆ ಹೋಗಿಲ್ಲ ಅಂದ. ಮೇಡಂ ಅದನ್ನು ಕನ್ನಡದಲ್ಲಿ ಹೇಳಿದರು. ನಾನು ಹಿರಿಯ ಮಗಳ ಮುಖ ನೋಡಿದೆ. ಆಕೆ ನನಗೆ ಕೇಕಿನ ದೊಡ್ಡ ತುಂಡು ಕೊಟ್ಟು, ತಾನು ವರ್ಷ ವರ್ಷ ತಪಾಸಣೆಗೆ ಹೋಗುತ್ತೇನೆ, ಅಪ್ಪನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತಾನೆ, ಆ ದಿನ ಹೊರಗೆ ಊಟ ಮಾಡಿಯೇ ಬರುತ್ತೇವೆ ಅಂದಳು.

ಪೀಟರ ನನ್ನನ್ನು ಕೇಳಿದ. ನಿನಗೆ?

ನಾನು ಉತ್ತರ ಕೊಡುವ ಮೊದಲೇ ನೀಲವ್ವ ಹೆಮ್ಮೆಯಿಂದ ಹೇಳಿದಳು. "ನಮ್ಮಣ್ಣಗ ಇಲ್ಲ ಅಂತ ಹೇಳ್ರಿ ಮೇಡಂರೀ. ನಮ್ಮ ಕಡೆ ಗಂಡಸರು ರಕ್ತ ಕೊಡಾಕ ಬರಂಗಿಲ್ಲ. ಇಂವ ಹೋಗಿ ಕೊಟ್ಟು ಬಂದಾನ."

ಎಲ್ಲರೂ ನನಗೆ ಮತ್ತೆ ಕೈ ಕೊಟ್ಟು ಅಭಿನಂದಿಸಿದರು. ಕೇಕಿನ ತಟ್ಟೆಯನ್ನು ಕುರ್ಚಿಯ ಕೆಳಗೆ ಸರಿಸಿದೆ.

ಸಭೆ

ನಮ್ಮ ಊರ ಕಲ್ಯಾಣ ಮಂಟಪಕ್ಕಿಂತ ದೊಡ್ಡ ಸಭಾಂಗಣ. ಬಂದವರು ಡಾಕ್ಟರುಗಳು, ನರ್ಸುಗಳು, ನೀಲವ್ವನ ಹಾಗೆ ಕಾಯಿಲೆ ಉಂಡವರು. ಮೊದಲು ಮಾತಾಡಿದವರು ಗೋಡೆಯ ಮೇಲೆ ಚಿತ್ರ, ಗೆರೆ, ನೂರಕ್ಕೆ ಇಷ್ಟು ಎಂಬ ಅಂಕಿ ತೋರಿಸಿದರು. ನೀಲವ್ವ ಗಂಟು ಹಿಡಿದು ಹೋದಳು. ಗುಳೇದಗುಡ್ಡದ ಖಣದ ಜಂಪರ, ಮೇಲೆ ಪಟ್ಟೆದಂಚಿನ ಸೀರೆ. ಆ ಜಂಪರ ನಾನು ಇದಕ್ಕೆಂದೇ ಹೊಲಿದದ್ದು.

"ನಾ ಸಾಲಿ ಭಾಳ ಕಲಿತಾಕಿ ಅಲ್ರಿ," ಎಂದು ಶುರು ಮಾಡಿದಳು. ಮೇಡಂ ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಿರುಗಿಸಿದರು. "ಈ ಎರಡು ಅರಿಷಿಣ ಬೇರು ನೋಡ್ರಿ. ಒಂದು ಗಟ್ಟಿ. ಒಂದು ಹುಳುಕು. ನಮ್ಮವ್ವನ ಹಂತ್ಯಾಕ ಇವೆರಡೂ ಇದ್ದವು. ಆಕಿ ಕಣ್ಣ ಮುಚ್ಚಿ ಒಂದನ್ನ ನನ್ನ ಉಡಿಗೆ ಹಾಕಿದ್ಲು. ನನಗ ಹುಳುಕು ಬಂತು. ಹಂಗಂತ ನಮ್ಮಣ್ಣಗ ಗಟ್ಟೀದ ಬರತೈತಿ ಅಂತ ತಿಳೀಬ್ಯಾಡ್ರಿ. ಒಂದೊಂದು ಕೂಸು ಬಂದಾಗೂ ಎರಡೂ ಬೇರು ಮತ್ತ ಅವ್ವನ ಕೈಯಾಗ ಇರತಾವ. ಮತ್ತ ಕಣ್ಣ ಮುಚ್ಚಬೇಕು, ಮತ್ತ ಹಾಕಬೇಕು."

ಯಾರೋ ಕೇಳಿದರು. ಹುಳುಕು ಬಂದರೆ ಕಾಯಿಲೆ ಖಾತ್ರಿಯೇ?

"ಅಲ್ರಿ. ಉಡಿಯಾಗ ಬಂದದ್ದು ಎಲ್ಲಾ ಉಣ್ಣಾಕ ಬರೂದಲ್ಲ. ಆದ್ರ ಐತಿ ಅಂತ ಗೊತ್ತಿದ್ರ ಆಗಾಗ ಬಿಚ್ಚಿ ನೋಡತೀವಿ, ಆರಸತೀವಿ. ಗೊತ್ತಿಲ್ಲಂದ್ರ ಹಂಗ ಕಟ್ಟಿ ಇಟ್ಟಿರತೀವಿ. ಇನ್ನೊಂದು ಹೇಳ್ತೇನಿ. ಭಾಳ ಮಂದಿಗೆ ಈ ರೋಗ ಉಡಿಯಾಗಿಂದ ಬಂದದ್ದ ಅಲ್ಲ. ಅದಕ್ಕ ಎಲ್ಲಾರೂ ಅಂಜೂದು ಬ್ಯಾಡ. ತವರಿನ ಕಡೆ, ಅಪ್ಪನ ಕಡೆ, ಎರಡೂ ಕಡೆ ಕೇಳಿ ನೋಡ್ರಿ ಅಷ್ಟ."

ನಾನು ನೋಡುತ್ತಲೇ ಇದ್ದೆ. ಅವ್ವ ಹೋದಾಗ ನನ್ನ ಅಂಗಿ ಹಿಡಿದುಕೊಂಡು ಬಾವಿಕಟ್ಟೆಯ ಮೇಲೆ ಕೂತಿದ್ದ ಹುಡುಗಿ ಇವಳೇನಾ? ಎದೆ ಉಬ್ಬಿತು. ಆ ಗಳಿಗೆಯಲ್ಲಿ ನಾನು ನನ್ನ ಸುಳ್ಳನ್ನೂ ಮರೆತಿದ್ದೆ.

"ನಮ್ಮ ಕಡೆ ಗಂಡಸರು ಏನಂತಾರ ಗೊತ್ತೈತೇನ್ರಿ? ಇದು ಹೆಂಗಸರ ರೋಗ, ಗಂಡಸಿಗೆಲ್ಲಿ ಉಡಿ? ಅಂತಾರ. ಪುರ್ತಗೇರ್ಯಾಗ ಒಬ್ಬ ಮುದುಕಿ ಜೋಕಾಲಿ ಬಿಟ್ಟು ಎದ್ದು ಬಂದು ಕೇಳಿದ್ಲು. ಯವ್ವಾ, ನಾ ನನ್ನ ಮಗಗ ಹಾಕಿದ್ದನ್ನ ಅಂವ ತನ್ನ ಮಗಳಿಗೆ ಹಾಕಿರಬೇಕಲ್ಲ? ಅಂತ. ಅಷ್ಟ ನೋಡ್ರಿ. ಆ ಮುದುಕೀದು ಕಣ್ಣು ಕಾಣಂಗಿಲ್ಲ, ಆದ್ರ ಇದು ಕಂಡಿತು. ಗಂಡಸಿಗೂ ಉಡಿ ಐತಿ. ತುಂಬವರು ಇಲ್ಲ ಅಷ್ಟ. ಅಣ್ಣಾ, ಬಾ ಇಲ್ಲಿ."

ನಾನು ಹೋದೆ. ಶಾಲನ್ನು ಮುಂದಕ್ಕೆ ಹಿಡಿಯಲು ಹೇಳಿದಳು. ಹಿಡಿದೆ. ಅಕ್ಕಿ ಬಿತ್ತು, ಕೊಬ್ಬರಿ ಬಿತ್ತು, ಉತ್ತತ್ತಿ ಬಿತ್ತು. ಕಡೆಗೆ ಮುಚ್ಚಿದ ಮುಷ್ಟಿಯಿಂದ ಒಂದು ಬೇರು. ಆಕೆ ಅದನ್ನು ನನ್ನ ಉಡಿಯಿಂದ ಎತ್ತಿ ಎಲ್ಲರಿಗೂ ತೋರಿಸಿದಳು. ಗಟ್ಟಿ ಬೇರು.

"ನಮ್ಮಣ್ಣ ರಕ್ತ ಕೊಟ್ಟು ಬಂದ. ನಮ್ಮಣ್ಣಗ ಚಲೋದು ಬಂದಿತ್ತು."

ಚಪ್ಪಾಳೆ ಬಿದ್ದವು. ನಾನು ತಲೆ ತಗ್ಗಿಸಿದೆ. ವಿನಯ ಎಂದುಕೊಂಡು ಇನ್ನಷ್ಟು ತಟ್ಟಿದರು.

ಹೊಳೆಯ ದಂಡೆ

ಆ ಊರಿನ ಪಕ್ಕದಲ್ಲಿ ವಾಲ್ ಎಂಬ ಹೊಳೆ. ಮಲಪ್ರಭೆ ತುಂಬಿ ಬಂದಾಗಿನ ಅಗಲ ಅದಕ್ಕೆ ಸದಾಕಾಲ. ಸಭೆ ಮುಗಿದು ಮೇಡಂ ಉಳಿದವರ ಜೊತೆ ಹೋದರು. ಬಿಸಿಲು ಇನ್ನೂ ಇತ್ತು. ನಾವಿಬ್ಬರೂ ದಂಡೆಗೆ ಬಂದು ಕೂತೆವು. ಕಟ್ಟೆಯ ಗೋಡೆಯ ಮೇಲೆ ಯಾವ ಯಾವ ಸಲ ನೀರು ಎಲ್ಲಿಯ ತನಕ ಏರಿತ್ತು ಎಂದು ಗೆರೆ ಹಾಕಿದ್ದರು. ನೀಲವ್ವ ಎದ್ದು ಹೋಗಿ ಒಂದು ಗೆರೆಯ ಪಕ್ಕ ನಿಂತು ನೋಡಿದಳು. ಅದು ಆಕೆಯ ತಲೆಗಿಂತ ಮೇಲಿತ್ತು.

"ನೋಡಣ್ಣ, ಮುಚ್ಚಿಡದಂಗ ಗೋಡಿ ಮ್ಯಾಲ ಬರದಾರ."

"ನೀಲಾ, ನಾ ರಕ್ತ ಕೊಟ್ಟಿಲ್ಲ," ಅಂದೆ.

"ಯಾವ ರಕ್ತ?"

"ಹುಬ್ಬಳ್ಯಾಗ. ನಾ ದವಾಖಾನಿಗೆ ಹೋಗ್ಲೇ ಇಲ್ಲ."

ಆಕೆ ಗೋಡೆಯ ಹತ್ತಿರವೇ ನಿಂತಳು. "ಮತ್ತ ಎಲ್ಲಿದ್ದಿ ಆ ದಿನ?"

"ಬಟ್ಟಿ ಪ್ಯಾಟ್ಯಾಗ. ಅಸ್ತರ ತಗೊಂಡು ಬಂದೆ."

"ಯಾ ಬಣ್ಣದ್ದು?"

"ಗಿಳಿ ಹಸರು."

ನೀಲವ್ವ ತನ್ನ ಜಂಪರದ ತೋಳಿನ ಅಂಚನ್ನು ಮಡಚಿ ಒಳಗಿನ ಅಸ್ತರ ನೋಡಿದಳು. ಗಿಳಿ ಹಸಿರು. ಅದನ್ನು ತೊಟ್ಟುಕೊಂಡೇ ಆಕೆ ಅಷ್ಟು ಜನರ ಮುಂದೆ ನನ್ನನ್ನು ಹೊಗಳಿದ್ದಳು.

ಆಕೆ ಕೂಗಾಡಲಿಲ್ಲ. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

"ಶಿಲ್ಪಾಗ ನಾ ಏನ್ ಹೇಳೇನಿ ಗೊತ್ತೈತಿಲ್ಲೋ? ನಿನಗ ಬರೂ ದಾರೀನ ಇಲ್ಲ ಅಂದೇನಿ. ಅಕಿ ಅತ್ತಿ ಅಂತ ನನ್ನ ನಂಬ್ಯಾಳ. ಊರೂರು ಅಡ್ಡಾಡಿ ಮಂದಿಗೆಲ್ಲಾ ಖರೇ ಹೇಳಾಕಿ ನಾನು. ನಮ್ಮ ಮನಿ ಮಗಳಿಗೆ ನನ್ನ ಬಾಯಿಂದ ಸುಳ್ಳು ಹೇಳಿಸಿದೆಲ್ಲಣ್ಣ."

"ಅಕಿ ಲಗ್ನ ನಿಂತೀತು ಅಂತ..."

"ಹೊಳಿ ಬಂದ ವರ್ಷ ನೆನಪೈತಿ? ಹೊಳಿ ದಾಟೂ ಕೊಣ್ಣೂರ ಪೂಲಿನ ಮ್ಯಾಲ ನೀರು ಬಂದಾವು ಅಂತ ತಾಸಿಗೊಮ್ಮೆ ಫೋನ್ ಮಾಡತಿದ್ದಿ. ಏಳ್ರಿ, ದನ ಬಿಚ್ರಿ, ಸಾಲಿ ಕಟ್ಟಡಕ್ಕ ಹೋಗ್ರಿ ಅಂತ ಒದರಿ ಒದರಿ ನಮ್ಮನ್ನ ಉಳಿಸಿದವ ನೀನು. ಸುಮ್ನ ಮಲಗ್ರಿ, ಹೊಳಿ ಬಂದಿಲ್ಲ ಅಂತ ಹೇಳಿದ್ಯೇನ ಆಗ?"

ಹಡಗೊಂದು ಹೋಯಿತು. ಅದರ ತೆರೆ ಬಂದು ಕಟ್ಟೆಗೆ ಬಡಿಯಿತು.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, "ನಾಳೆ ಇನ್ನೊಂದು ಸಣ್ಣ ಸಭೆ ಐತಿ. ನೀ ಹೇಳ್ತೀಯೋ, ನಾ ಹೇಳ್ಲೋ?" ಅಂದಳು.

"ಅಲ್ಲಿ ಯಾಕ? ಊರಿಗೆ ಹೋಗಿ ಶಿಲ್ಪಾಗ..."

"ಶಿಲ್ಪಾಗ ನೀನ ಹೇಳೂದು, ಎದುರಿಗೆ ಕುಂತು, ಫೋನ್‌ನಾಗ ಅಲ್ಲ. ಆದ್ರ ನಾ ನಿಂದು ಅಂತ ಇಲ್ಲಿ ಗಟ್ಟಿ ಬೇರು ತೋರಿಸಿ ಹಂಗ ಹೋದ್ರ, ನನ್ನ ಉಡಿ ಸುಳ್ಳ ಆಕ್ಕೈತಿ."

ಎರಡನೆಯ ಸಭೆ

ನಾನೇ ಹೇಳಿದೆ. ಸಣ್ಣ ಕೋಣೆ, ಯೊಹಾನಾ, ಪೀಟರ, ಇನ್ನು ಕೆಲವರು. ನಿನ್ನೆ ತೋರಿಸಿದ ಬೇರು ಸುಳ್ಳು, ನನಗೆ ಯಾವುದು ಬಂದಿದೆ ಎಂದು ನನಗೇ ಗೊತ್ತಿಲ್ಲ, ಅಂಜಿ ಬಟ್ಟೆ ಪೇಟೆಗೆ ಓಡಿಹೋದೆ ಅಂದೆ. ಮೇಡಂ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಅವರ ದನಿ ಒಂದು ಕಡೆ ನಿಂತು ಮುಂದುವರಿಯಿತು. ಅವರಿಗೂ ಅದೇ ಮೊದಲು ಗೊತ್ತಾದದ್ದು.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಪೀಟರ ಎದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತ, ಅಷ್ಟೇ. ನರ್ಸೊಬ್ಬಳು ಕೇಳಿದಳು. ನಿನಗೆ ಎಲ್ಲ ಗೊತ್ತಿತ್ತು, ತಿಳಿಸಿ ಹೇಳುವ ತಂಗಿ ಮನೆಯಲ್ಲೇ ಇದ್ದಳು. ಇನ್ನೇನು ಇದ್ದಿದ್ದರೆ ಹೋಗುತ್ತಿದ್ದೆ?

ನಾನು ಯೋಚಿಸಿ ನಿಜವನ್ನೇ ಹೇಳಿದೆ. "ಕೂಡ ಯಾರರ ಬಂದಿದ್ರ ಹೋಗತಿದ್ದೆ."

ನೀಲವ್ವ ಥಟ್ಟನೆ ನನ್ನ ಕಡೆ ತಿರುಗಿದಳು. ಸಿಟ್ಟು ಇನ್ನೂ ಇತ್ತು, ಆದರೆ ಆಕೆಯ ತಲೆಯಲ್ಲಿ ಏನೋ ಓಡಲು ಶುರುವಾದದ್ದು ಗೊತ್ತಾಯಿತು. "ಮೇಡಂರೀ, ನಾವು ಹೆಂಗಸರಿಗೆ ತಿಳಿಸಿ ಗಂಡಸರನ್ನ ಹೋಗು ಅಂತ ಅಟ್ಟೀವಿ. ಅಟ್ಟಿದ್ರ ಅವು ಹಿಂಗ ಪ್ಯಾಟಿಗೆ ಹೋಕ್ಕಾವ," ಅಂದಳು. ಕೋಣೆಯಲ್ಲಿ ನಗು ಎದ್ದಿತು. ನನಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು.

"ಪಂಚಮಿಗೆ ಅಣ್ಣ ತಂಗೀನ ಕರಿಯಾಕ ಬರ್ತಾನ. ಇನ್ನ ಮ್ಯಾಲ ಬಂದವನನ್ನ ಹಂಗ ತವರಿಗೆ ಬಿಡೂದಿಲ್ಲ. ತಂಗಿ ತಾನ ಅವನ ಕೈ ಹಿಡಕೊಂಡು ಮೊದಲು ದವಾಖಾನಿಗೆ ಹೋಗೂದು, ಅಲ್ಲಿಂದ ತವರಿಗೆ."

ದೊಡ್ಡ ದೊಡ್ಡ ಡಾಕ್ಟರುಗಳು ಅದನ್ನು ಬರೆದುಕೊಂಡರು. ನಿನ್ನೆ ನನ್ನನ್ನು ಹೊಗಳಿ ಗೆದ್ದವಳು ಇವತ್ತು ನನ್ನ ತಪ್ಪನ್ನೇ ಕೈಗೆತ್ತಿಕೊಂಡು ಇನ್ನಷ್ಟು ಎತ್ತರಕ್ಕೆ ಹೋದಳು. ಇವಳು ನನ್ನ ತಂಗಿ ಎಂದು ಆ ಊರಿನ ಸೈಕಲ್ಲಿನ ಅಜ್ಜಿಯನ್ನು ತಡೆದು ಹೇಳಬೇಕೆನಿಸಿತು.

ಅವತ್ತು ಸಂಜೆ ಯೊಹಾನಾ ಕಾಫಿ ಕೊಟ್ಟರು. ಒಂದು ಬಿಸ್ಕೀಟು ಕೊಟ್ಟು ಮುಚ್ಚಳ ಹಾಕಿದರು. ಆಮೇಲೆ ನನ್ನ ಮುಖ ನೋಡಿ, ಮುಚ್ಚಳ ತೆಗೆದು ಡಬ್ಬಿಯನ್ನೇ ನನ್ನ ಮುಂದೆ ಸರಿಸಿದರು.

ಗಜೇಂದ್ರಗಡ, ಹುಬ್ಬಳ್ಳಿ

ಮನೆಗೆ ಬಂದು ಕೈಕಾಲು ತೊಳೆದವನೇ ಶಿಲ್ಪಾಳನ್ನು ಕೂರಿಸಿಕೊಂಡು ಹೇಳಿದೆ. ಆಕೆ ಪೂರ್ತಿ ಕೇಳಿದಳು. "ನನಗ ಗೊತ್ತಾಗಬಾರದು ಅಂತ ಮಾಡಿದ್ಯೋ, ರೋಣದವರಿಗೆ ಗೊತ್ತಾಗಬಾರದು ಅಂತ ಮಾಡಿದ್ಯೋ?" ಎಂದು ಕೇಳಿದಳು. ರೋಣದವರಿಗೆ ಅಂದೆ. ಎದ್ದು ಒಳಗೆ ಹೋದಳು. ಅಲ್ಲಿಂದ ಮುಂದೆ ನನ್ನ ತಟ್ಟೆಗೆ ರೊಟ್ಟಿ ಬೀಳುತ್ತಿತ್ತು, ಮಾತು ಬೀಳುತ್ತಿರಲಿಲ್ಲ. ರೋಣದವರಿಗೆ ಆಕೆಯೇ ಫೋನ್ ಮಾಡಿ, ನಮ್ಮ ಮನೆತನದಲ್ಲಿ ಹೀಗಿದೆ, ನೋಡಿ ವಿಚಾರ ಮಾಡ್ರಿ ಎಂದು ತಿಳಿಸಿದಳಂತೆ. ಅವರು ಇನ್ನೂ ವಿಚಾರ ಮಾಡುತ್ತಿದ್ದಾರೆ.

ಪಂಚಮಿ ಬಂತು. ನೀಲವ್ವನನ್ನು ಕರೆಯಲು ಕೊಣ್ಣೂರಿಗೆ ಹೋದೆ. ಆಕೆ ಉಂಡಿಯ ಡಬ್ಬಿ ಕಂಕುಳಲ್ಲಿಟ್ಟುಕೊಂಡು ನನ್ನ ಕೈ ಹಿಡಿದು ಹುಬ್ಬಳ್ಳಿ ಬಸ್ಸು ಹತ್ತಿಸಿದಳು. ಆ ಬಸ್ಸಿನಲ್ಲಿ ಇನ್ನೂ ಇಬ್ಬರು ಅಣ್ಣಂದಿರು ತಮ್ಮ ತಂಗಿಯರ ಪಕ್ಕ ಕೂತಿದ್ದರು, ಸಾಲಿಗೆ ಹೊರಟ ಹುಡುಗರ ಹಾಗೆ. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ರಕ್ತ ಕೊಟ್ಟೆ. ಹಬ್ಬ ಮುಗಿದು ಎಷ್ಟೋ ದಿನಗಳ ಮೇಲೆ ಉತ್ತರ ಬಂತು. ನನ್ನ ಉಡಿಯಲ್ಲೂ ಹುಳುಕು ಬೇರೇ ಇದೆ. ಗಂಡಸಿಗೂ ಅದರಿಂದ ಕೆಲವು ತೊಂದರೆ ಬರಬಹುದು, ತಪಾಸಣೆ ಮಾಡಿಸುತ್ತಿರು ಅಂದಿದ್ದಾರೆ ಮೇಡಂ. ಮಾಡಿಸುತ್ತಿದ್ದೇನೆ. ಇದನ್ನು ಹೆಸರು ಹಾಕಿ ಬರೆಯುತ್ತಿರುವುದೂ ಅದಕ್ಕೇ. ನನ್ನ ಕಿಟಕಿಗೆ ಇನ್ನು ಪರದೆ ಬೇಡ.

ಕಳೆದ ವಾರ ಶಿಲ್ಪಾ ನೀಲವ್ವನಿಗೆ ಫೋನ್ ಮಾಡಿ ತಾನೂ ರಕ್ತ ಕೊಡುತ್ತೇನೆ ಅಂದಳಂತೆ. ನೀಲವ್ವ ಹೇಳಿದ್ದಕ್ಕಲ್ಲ, ತಾನೇ ನಿಶ್ಚಯ ಮಾಡಿದ್ದು. ಮೂವರೂ ಹೋದೆವು. ದವಾಖಾನೆಯ ಮುಂದೆ ರಿಕ್ಷಾದಿಂದ ಇಳಿದಾಗ ಬಟ್ಟೆ ಪೇಟೆಗೆ ಹೋಗುವ ದಾರಿ ಎಡಕ್ಕೆ ಕಾಣುತ್ತಿತ್ತು. ಶಿಲ್ಪಾ ಆ ಕಡೆ ಒಮ್ಮೆ ನೋಡಿದಳು, ನನ್ನ ಕಡೆ ಒಮ್ಮೆ ನೋಡಿದಳು.

ಒಳಗೆ ಆಕೆಯ ಹೆಸರು ಕೂಗಿದರು. ಎದ್ದಳು. ಎರಡು ಹೆಜ್ಜೆ ಹೋದವಳು ತಿರುಗಿ ನಿಂತು, ಅಷ್ಟು ದಿನಗಳ ಮೇಲೆ ಮೊದಲ ಸಲ ನನ್ನ ಜೊತೆ ಮಾತಾಡಿದಳು.

"ಅಪ್ಪಾ, ಪ್ಯಾಟಿಗೆ ಹೋಗೂದೈತೇನ?"

"ಇಲ್ಲವಾ," ಅಂದೆ.

"ಹಂಗಾರ ನನ್ನ ಚೀಲ ಹಿಡಕೊಂಡು ಇಲ್ಲೇ ಕೂಡು."

ಹಿಡಿದುಕೊಂಡು ಕೂತೆ.